ಹಳೇ ಖಾಲಿ ತೂಕ

ಲಾರಿಗಳು ತೂಕಕ್ಕೆ ಬಂದು ನಿಲ್ಲುವ ಜಾಗಕ್ಕೆ ಎಲ್ಲರೂ ಕಾಟಾ ಎನ್ನುತ್ತಾರೆ. ಆ ಕಾಟಾದ ಗಾಜಿನ ಕಿಟಕಿಯ ಹಿಂದೆ ಇಪ್ಪತ್ತೊಂದು ವರ್ಷದಿಂದ ಕೂತಿದ್ದ ಹೆಂಗಸಿಗೆ ಕಾಟಮ್ಮ ಎಂದು ಹೆಸರು ಬಿದ್ದದ್ದರಲ್ಲಿ ಯಾರ ತಪ್ಪೂ ಇಲ್ಲ. ಅವಳ ಸ್ವಂತ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಸರದಿಯಲ್ಲಿ ನಿಂತು ಬೇಸತ್ತ ಡ್ರೈವರು, "ಕಾಟ ಕೊಡೋದು ಕಾಟಾನೋ ಕಾಟಮ್ಮನೋ?" ಎಂದು ಕೇಳಿದರೆ, "ಇಬ್ರೂ ಸೇರಿ ಕೊಡ್ತೀವಿ. ಗಾಡಿ ಮುಂದಕ್ಕೆ ತಗೊ, ಹಿಂದಿನ ಚಕ್ರ ಹೊರಗಿದೆ" ಎನ್ನುತ್ತಿದ್ದಳು.

ಕೆಲಸದ ಕ್ರಮ ಸರಳ. ತುಂಬಿದ ಲಾರಿ ಕಬ್ಬಿಣದ ಹಾಸಿನ ಮೇಲೆ ಬಂದು ನಿಲ್ಲಬೇಕು. ಯಂತ್ರದಲ್ಲಿ ಕೆಂಪು ಅಂಕಿ ಓಡಾಡಿ ಒಂದು ಕಡೆ ನಿಲ್ಲುತ್ತದೆ, ಅದು ತುಂಬಿದ ತೂಕ. ಲಾರಿ ಹೋಗಿ ಗೋದಾಮಿನಲ್ಲಿ ಸರಕು ಇಳಿಸಿ ಮತ್ತೆ ಬಂದು ನಿಂತರೆ ಖಾಲಿ ತೂಕ. ಅದರಲ್ಲಿ ಇದನ್ನು ಕಳೆದರೆ ಸರಕಿನ ನಿಜವಾದ ತೂಕ. ಕಾಟಮ್ಮ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಯಂತ್ರ ಚೀಟಿ ಮುದ್ರಿಸುವಷ್ಟರಲ್ಲಿ ಕಳೆಯುವ ಲೆಕ್ಕ ಅವಳ ಬಾಯಲ್ಲಿ ಮುಗಿದಿರುತ್ತಿತ್ತು.

ಒಮ್ಮೆ ಗುಜರಿ ವ್ಯಾಪಾರಿಯೊಬ್ಬ ಮಡಿಸಿದ ನೋಟುಗಳನ್ನು ಕಿಟಕಿಯ ಸಂದಿನಲ್ಲಿ ತಳ್ಳಿ, "ಇನ್ನೂರು ಕೆಜಿಗೆ ಕಣ್ಮುಚ್ಕೊಳಿ ಅಮ್ಮ" ಎಂದ. ಅವಳು ಆ ನೋಟುಗಳ ಮೇಲೆ ಅವನ ಚೀಟಿಯನ್ನೇ ಇಟ್ಟು ವಾಪಸು ತಳ್ಳಿ, "ಇದರ ತೂಕಾನೂ ಸೇರಿಸ್ಬೇಕಿತ್ತಾ?" ಎಂದಳು. ಈ ಮಾತು ಲಾರಿ ನಿಲ್ಲುವ ಕಡೆಯಲ್ಲೆಲ್ಲ ಓಡಾಡಿತು. ಕಾಟಮ್ಮನ ಚೀಟಿ ಎಂದರೆ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

ಅವಳಿಗೆ ಒಂದು ರೂಢಿ ಮಾತ್ರ ಇತ್ತು. ಸುಗ್ಗಿಯ ದಿನಗಳಲ್ಲಿ ಲಾರಿಗಳ ಸಾಲು ರಸ್ತೆ ತಿರುವಿನವರೆಗೂ ಬೆಳೆಯುತ್ತಿತ್ತು. ಆಗ ಗೊತ್ತಿರುವ ಲಾರಿಗಳನ್ನು ಖಾಲಿಯಾದ ಮೇಲೆ ಮತ್ತೆ ಹತ್ತಿಸುತ್ತಿರಲಿಲ್ಲ. ಹಸಿರು ರಟ್ಟಿನ ರಿಜಿಸ್ಟರಿನಲ್ಲಿ ಯಾವ ಲಾರಿಯ ಖಾಲಿ ತೂಕ ಎಷ್ಟು ಎಂದು ಬರೆದಿಟ್ಟಿದ್ದಳು. ಆ ಅಂಕಿಯನ್ನೇ ಹಾಕಿ ಚೀಟಿ ಕೊಟ್ಟು ಕಳಿಸುತ್ತಿದ್ದಳು. ಧಣಿಗೂ ಗೊತ್ತು, ಡ್ರೈವರುಗಳಿಗೂ ಗೊತ್ತು. ಲಾರಿ ಅದೇ, ಚಕ್ರ ಅದೇ, ತೂಕ ಎಲ್ಲಿಗೆ ಹೋಗುತ್ತದೆ ಎಂದು ಎಲ್ಲರೂ ಸುಮ್ಮನಿದ್ದರು.

ಅವಳಿಗೆ ಮಕ್ಕಳಿಬ್ಬರು. ಗಂಡ ಲೇತ್ ಯಂತ್ರದ ಕೆಲಸದವನು. ಮೂವತ್ತು ವರ್ಷ ಆ ಯಂತ್ರದ ಪಕ್ಕ ನಿಂತು ಕಿವಿ ಮಂದವಾಗಿತ್ತು. ಮನೆಯಲ್ಲಿ ಏನು ಕೇಳಿದರೂ, "ಹೂಂ, ಹಾಗೇ ಮಾಡಿ" ಎನ್ನುವುದು ಅವನ ಉತ್ತರ. ಹೀಗಾಗಿ ಮನೆಯ ದೊಡ್ಡ ಮಾತುಗಳೆಲ್ಲ ಕಾಟಮ್ಮನ ತಲೆಯ ಮೇಲೇ ಬೀಳುತ್ತಿದ್ದವು.

ದೊಡ್ಡವನ ವಿಷಯದಲ್ಲಿ ಹಾಗೆ ಬಿದ್ದದ್ದು ಏಳು ವರ್ಷದ ಹಿಂದೆ. ವಿಮಾನ ನಿಲ್ದಾಣದಲ್ಲಿ ಕೆಲಸ ಕೊಡಿಸುತ್ತೇವೆ ಎನ್ನುವ ಒಂದು ಕೋರ್ಸು. ಬಣ್ಣದ ಪುಸ್ತಕದಲ್ಲಿ ನೀಲಿ ಕೋಟಿನ ಹುಡುಗರು ಸಾಲಾಗಿ ನಗುತ್ತಿದ್ದರು, ಕೆಳಗೆ ತಿಂಗಳಿಗೆ ಮೂವತ್ತು ಸಾವಿರ ಎಂದು ದಪ್ಪಕ್ಷರದಲ್ಲಿತ್ತು. ಹುಡುಗನಿಗೆ ಅನುಮಾನವಿತ್ತು. ಅವಳೇ ಪಟ್ಟು ಹಿಡಿದು, "ಮೂವತ್ತು ಅಂತ ಅಚ್ಚು ಹಾಕಿಸಿದಾರಲ್ಲೋ, ಸುಳ್ಳು ಹಾಕಿಸ್ತಾರಾ" ಎಂದು ಖಾಸಗಿ ಕಂಪನಿಯಲ್ಲಿ ನೂರಕ್ಕೆ ಹದಿನಾಲ್ಕರ ಬಡ್ಡಿಗೆ ಸಾಲ ತೆಗೆಸಿದಳು. ಕೋರ್ಸು ಮುಗಿಯಿತು. ವಿಮಾನವನ್ನು ಅವನು ಆಕಾಶದಲ್ಲೇ ನೋಡಬೇಕಾಯಿತು. ಆರು ತಿಂಗಳು ಅಲೆದು, ಟೈರು ಅಂಗಡಿಯಲ್ಲಿ ಹನ್ನೊಂದು ಸಾವಿರಕ್ಕೆ ಸೇರಿಕೊಂಡ. ಅವನು ಅವಳನ್ನು ಒಂದು ಮಾತೂ ಅನ್ನಲಿಲ್ಲ. ಆ ಮೇಲೆ ಅವಳು ಅವನ ಸಂಬಳದ ಬಗ್ಗೆಯಾಗಲಿ ಸಾಲದ ಬಗ್ಗೆಯಾಗಲಿ ಕೇಳಿದವಳಲ್ಲ. ಕೇಳುವುದಕ್ಕೆ ಮುಖ ಇರಲಿಲ್ಲ.

ಚಿಕ್ಕವಳು ಬೆಳೆದದ್ದು ಕಾಟಾದ ಮೇಜಿನ ಕೆಳಗೆ. ಶಾಲೆ ಬಿಟ್ಟು ನೇರ ಅಲ್ಲಿಗೆ ಬರುತ್ತಿದ್ದಳು, ರದ್ದಾದ ಚೀಟಿಗಳ ಹಿಂಬದಿಯಲ್ಲಿ ಹೋಂವರ್ಕು ಮಾಡುತ್ತಿದ್ದಳು. ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ಎಲ್ಲೋ ದೂರದಲ್ಲಿ ಎರಡು ಸರಕಾರಗಳು ಜಗಳವಾಡಿ ಗಡಿ ಮುಚ್ಚಿದವು. ಹನ್ನೊಂದು ದಿನ ಒಂದು ಲಾರಿಯೂ ಬರಲಿಲ್ಲ. ಯಂತ್ರದ ಕೆಂಪು ಸೊನ್ನೆ ಹಾಗೇ ಉರಿಯುತ್ತಿತ್ತು. ಧಣಿ ಆ ತಿಂಗಳು ಅರ್ಧ ಸಂಬಳ ಕೊಟ್ಟ.

"ಅಲ್ಯಾರೋ ಜಗಳ ಆಡಿದ್ರೆ ಇಲ್ಲಿ ನಿನ್ನ ಸಂಬಳ ಯಾಕಮ್ಮ ಕಮ್ಮಿ ಆಗುತ್ತೆ?" ಎಂದು ಹುಡುಗಿ ಕೇಳಿದಳು.

"ಅದೆಲ್ಲ ದೊಡ್ಡವರ ವಿಷಯ."

"ಯಾವ ದೊಡ್ಡವರಿಗೆ ಗೊತ್ತಿರುತ್ತೆ? ಹೇಳು, ಅವರನ್ನೇ ಕೇಳ್ತೀನಿ."

ಆ ಪ್ರಶ್ನೆ ಅವಳ ಜೊತೆಗೇ ದೊಡ್ಡದಾಯಿತು. ಡಿಗ್ರಿ ಮುಗಿಸಿದ ಮೇಲೆ ಭದ್ರತಾ ಅಧ್ಯಯನ ಎಂಬ ಎರಡು ವರ್ಷದ ಓದನ್ನು ಹುಡುಕಿಕೊಂಡಳು. ದೇಶ ದೇಶಗಳ ನಡುವೆ ಜಗಳ ಹೇಗೆ ಹುಟ್ಟುತ್ತದೆ, ಗಡಿ ಮುಚ್ಚಿದರೆ ಧಾನ್ಯ ಎಲ್ಲಿ ನಿಲ್ಲುತ್ತದೆ, ಹಡಗಿನ ದಾರಿ ತಪ್ಪಿದರೆ ಯಾರ ಒಲೆ ಆರುತ್ತದೆ, ಇಂಥದ್ದನ್ನೆಲ್ಲ ಕಲಿಸುವ ಓದು. ಹಾರನ್ ಮಾಮ ಎಂದು ಎಲ್ಲರೂ ಕರೆಯುವ ಮುದುಕ ಡ್ರೈವರು ಕೇಳಿ ನಕ್ಕ. ಅವನು ಕಾಟಾಕ್ಕೆ ಬರುವ ಮೊದಲು ಮೂರು ಸಲ ಹಾರನ್ ಹೊಡೆದೇ ಬರುವವನು. "ಗಡಿ ಮುಚ್ಚಿದ್ರೆ ಏನಾಗುತ್ತೆ ಅಂತ ನನ್ನ ಕೇಳೇ ಕೂಸೆ. ಹನ್ನೊಂದು ದಿನ ಲಾರಿ ಕೆಳಗೆ ಮಲಗಿದ್ದೆ. ದುಡ್ಡಿಲ್ದೆ ಹೇಳ್ಕೊಡ್ತೀನಿ."

"ನಿಮ್ಮ ಸರ್ಟಿಫಿಕೇಟಿಗೆ ಯಾರು ಕೆಲಸ ಕೊಡ್ತಾರೆ ಮಾಮ?"

"ಅದೂ ಸರಿ. ನನಗೇ ಯಾರೂ ಕೊಡ್ಲಿಲ್ಲ."

ಬೇರೆ ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕ ಸುದ್ದಿ ಫೋನಿಗೆ ಬಂತು. ತಿಂಗಳ ಕೊನೆಯೊಳಗೆ ಶುಲ್ಕದ ಮೊದಲ ಕಂತು ಕಟ್ಟಬೇಕು. ಎರಡು ವರ್ಷದ ಶುಲ್ಕ ಆರು ಲಕ್ಷ, ಇರುವುದಕ್ಕೆ ಉಣ್ಣುವುದಕ್ಕೆ ಎರಡು ಲಕ್ಷ ನಲವತ್ತು ಸಾವಿರ. ಚಿಕ್ಕವಳು ಒಂದು ಹಾಳೆ ತಂದಳು. ಆ ಓದು ಮುಗಿಸಿದವರು ಮೊದಲ ವರ್ಷ ಎಷ್ಟು ದುಡಿಯುತ್ತಾರೆ, ಸರಾಸರಿ ಎಷ್ಟು ಸಾಲ ಹೊತ್ತುಕೊಂಡು ಹೊರಬರುತ್ತಾರೆ ಎಂದು ಅದರಲ್ಲಿತ್ತು. ಮೊದಲ ವರ್ಷದ ದುಡಿಮೆ ತಿಂಗಳಿಗೆ ನಲವತ್ತೈದು ಸಾವಿರ.

"ಎಷ್ಟು ಜನರನ್ನ ಕೇಳಿ ಬರೆದಿದಾರೆ ಇದನ್ನ?" ಎಂದಳು ಕಾಟಮ್ಮ.

ಹುಡುಗಿ ಕೆಳಗಿನ ಸಣ್ಣಕ್ಷರ ನೋಡಿದಳು. "ಅರವತ್ತು ಜನ ಓದಿದ್ದು. ಇಪ್ಪತ್ಮೂರು ಜನ ಉತ್ತರ ಕೊಟ್ಟಿದಾರೆ."

"ಅರವತ್ತು ಲಾರೀಲಿ ಇಪ್ಪತ್ಮೂರು ಕಾಟಾ ಹತ್ತಿದ್ರೆ ಉಳಿದವು ಎಲ್ಲಿ ಹೋದ್ವು? ಹತ್ತದೇ ಇರೋವು ಯಾಕೆ ಹತ್ತಲ್ಲ ಅಂತ ನನ್ನ ಕೇಳು."

ಚಿಕ್ಕವಳು ನಕ್ಕಳು. ನಂಬಿಕೆಯಿಂದ ನಕ್ಕಳು. "ಅದಕ್ಕೇ ಅಮ್ಮ, ನೀನೇ ತೂಗಿ ಹೇಳು. ನಾನು ತೂಗಿದ್ರೆ ಗೊತ್ತಿಲ್ದೆ ಕೈ ಒಂದು ಕಡೆ ಒತ್ತುತ್ತೆ. ನೀನು ಎಷ್ಟು ಅಂತೀಯೋ ಅಷ್ಟು. ಆಗಲ್ಲ ಅಂದ್ರೆ ಆಗಲ್ಲ, ಮತ್ತೆ ಆ ಮಾತು ಎತ್ತಲ್ಲ."

ಕಾಟಮ್ಮ ಕ್ರಮವಾಗಿಯೇ ಶುರು ಮಾಡಿದಳು. ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋದಳು. ಅಲ್ಲಿನ ಸಾಲದ ಮೇಡಂ, ಕನ್ನಡಕದ ಹುಡುಗಿ, ನಿಧಾನವಾಗಿ ಬಿಡಿಸಿ ಹೇಳಿದಳು. ಓದಿನ ಸಾಲಕ್ಕೆ ನೂರಕ್ಕೆ ಹತ್ತು, ಓದು ಮುಗಿದು ಒಂದು ವರ್ಷದ ಮೇಲೆ ಕಂತು ಶುರು, ಏಳು ವರ್ಷದಲ್ಲಿ ತೀರಿಸಬಹುದು. ಕಾಟಮ್ಮ ಅದನ್ನು ಚೀಟಿಯ ಹಿಂದೆ ಬರೆದುಕೊಂಡು ಬಂದಳು.

ಮಾರನೇ ದಿನ ಕಾಟಾಕ್ಕೆ ಒಂದು ಲಕೋಟೆ ಬಂತು. ಅವರ ಮನೆ ಒಂದೇ ನಂಬರಿನ ನಾಲ್ಕು ಮನೆಗಳಿರುವ ಓಣಿಯೊಳಗಿತ್ತು, ಹಾಗಾಗಿ ಮನೆಯವರ ಕಾಗದಗಳೆಲ್ಲ ಕಾಟಾದ ವಿಳಾಸಕ್ಕೇ ಬರುತ್ತಿದ್ದವು. ಲಕೋಟೆಯ ಮೇಲೆ ಮಗಳ ಹೆಸರಿತ್ತು. ಕಾಲೇಜಿನ ಯಾವುದೋ ಕಾಲದ ಮೇಷ್ಟರೊಬ್ಬರ ಹೆಸರಿನ ದತ್ತಿಯಿಂದ ಬಂದದ್ದು. ಶುಲ್ಕದಲ್ಲಿ ಎರಡು ಲಕ್ಷ ಬಿಟ್ಟುಕೊಡುತ್ತೇವೆ, ಹದಿನೈದನೇ ತಾರೀಕಿನೊಳಗೆ ಒಪ್ಪಿಗೆ ಬರೆದು ಕಳಿಸಬೇಕು ಎಂದಿತ್ತು.

ಅವಳು ಅದನ್ನು ಎರಡು ಸಲ ಓದಿದಳು. ಈ ಎರಡು ಲಕ್ಷ ಸೇರಿದರೆ ಲೆಕ್ಕ ಕೂಡುತ್ತಿತ್ತು, ಹುಡುಗಿ ಹೊರಡುತ್ತಿದ್ದಳು. ಕಾಟಮ್ಮನ ಕಣ್ಣಿಗೆ ಕಂಡದ್ದು ನೀಲಿ ಕೋಟಿನ ಹುಡುಗರು ನಗುವ ಬಣ್ಣದ ಪುಸ್ತಕ, ಅದರ ಹಿಂದೆ ಟೈರಿನ ಮಸಿ ಹತ್ತಿದ ದೊಡ್ಡವನ ಕೈ. ಕಾಗದವನ್ನು ಹಸಿರು ರಿಜಿಸ್ಟರಿನೊಳಗೆ ಇಟ್ಟಳು. ನಾಳೆ ಕೊಡೋಣ ಎಂದುಕೊಂಡಳು.

ಮರುದಿನ ಸಂಜೆ ಮಗಳಿಗಾಗಿ ಲೆಕ್ಕದ ಹಾಳೆ ಬರೆದಳು. ಸಾಲ ಎಂಟು ಲಕ್ಷ ನಲವತ್ತು ಸಾವಿರ ಎಂದು ಬರೆದಳು, ಎರಡು ಲಕ್ಷ ಕಳೆಯಲಿಲ್ಲ. ಬಡ್ಡಿಯ ಜಾಗದಲ್ಲಿ ಪೆನ್ನು ನಿಂತಿತು. ಹತ್ತು ಎಂದು ಅವಳಿಗೆ ಗೊತ್ತಿತ್ತು. ದೊಡ್ಡವನ ಹದಿನಾಲ್ಕನ್ನು ಹಾಕಿದಳು. ದುಡಿಮೆಯ ಜಾಗದಲ್ಲಿ ನಲವತ್ತೈದರ ಬದಲು, ದೊಡ್ಡವನಿಗೆ ಮೂವತ್ತು ಹೇಳಿ ಹನ್ನೊಂದು ಕೊಟ್ಟರಲ್ಲ, ಅದೇ ಅಳತೆಯಲ್ಲಿ ಇಳಿಸಿ ಹದಿನೇಳು ಎಂದು ಬರೆದಳು. ಕೊನೆಗೆ ಹೀಗೆ ಕೂಡಿ ಬಂತು: ತಿಂಗಳಿಗೆ ದುಡಿಯುವುದು ಹದಿನೇಳು ಸಾವಿರ, ಕಟ್ಟುವುದು ಇಪ್ಪತ್ತು ಸಾವಿರ. ಖಾಲಿ ಲಾರಿಯೇ ತುಂಬಿದ ಲಾರಿಗಿಂತ ಭಾರ. ಕಾಟಾದಲ್ಲಿ ಇಂಥ ಚೀಟಿ ಬಂದಿದ್ದರೆ ಯಂತ್ರ ಕೆಟ್ಟಿದೆ ಎಂದು ಅವಳೇ ಮೆಕ್ಯಾನಿಕ್ಕನ್ನು ಕರೆಸುತ್ತಿದ್ದಳು.

ಚಿಕ್ಕವಳು ಹಾಳೆಯನ್ನು ನಿಂತುಕೊಂಡೇ ಓದಿದಳು. "ಬಡ್ಡಿ ಹದಿನಾಲ್ಕಾ? ನಾನು ಕಮ್ಮಿ ಅಂದ್ಕೊಂಡಿದ್ದೆ."

"ಬ್ಯಾಂಕಿಗೆ ಹೋಗಿ ಕೇಳ್ಕೊಂಡು ಬಂದೆ" ಎಂದಳು ಕಾಟಮ್ಮ. ಆ ಮಾತಿನಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅದೇ ಅವಳನ್ನು ಆಮೇಲೆ ಹೆಚ್ಚು ಚುಚ್ಚಿತು.

ಅವಳು ಜಗಳಕ್ಕೆ ಸಿದ್ಧವಾಗಿ ಕೂತಿದ್ದಳು. ಅಳು ಬರಬಹುದು, ಬಾಗಿಲು ಬಡಿದುಕೊಳ್ಳಬಹುದು, ಎರಡು ದಿನ ಊಟ ಬಿಡಬಹುದು ಎಂದು ಎಣಿಸಿದ್ದಳು. ಹುಡುಗಿ ಹಾಳೆಯನ್ನು ನಾಲ್ಕಾಗಿ ಮಡಿಸಿ, "ಸರಿ ಅಮ್ಮ" ಎಂದಳು. ಅಷ್ಟೇ. ಮುಂದಿನ ಸೋಮವಾರ ಪಾರ್ಸೆಲ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಪೆಟ್ಟಿಗೆಗಳಿಗೆ ವಿಳಾಸ ಅಂಟಿಸುವ ಕೆಲಸ. ಸಂಜೆ ಬೆರಳ ತುದಿಗಳಲ್ಲಿ ಅಂಟು ಒಣಗಿರುತ್ತಿತ್ತು, ಅದನ್ನು ಕೆರೆದುಕೊಳ್ಳುತ್ತಾ ಅಪ್ಪನಿಗೆ ಕೇಳುವಂತೆ ಜೋರಾಗಿ ಅಂದಿನ ಸುದ್ದಿ ಓದಿ ಹೇಳುತ್ತಿದ್ದಳು. ಅವನು "ಹೂಂ, ಹಾಗೇ ಮಾಡಿ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಕಾಟಮ್ಮನೂ ಬಾಯಿ ಅಗಲಿಸುತ್ತಿದ್ದಳು.

ಹದಿನೈದನೇ ತಾರೀಕು ಬಂತು, ಹೋಯಿತು.

ಹತ್ತೊಂಬತ್ತರ ಬೆಳಗ್ಗೆ ಹೊರಗೆ ಮೂರು ಸಲ ಹಾರನ್ ಆಯಿತು. ಹಾರನ್ ಮಾಮ ಖಾಲಿ ಲಾರಿಯನ್ನು ಸರದಿ ತಪ್ಪಿಸಿ ತಂದು ಕಾಟಾದ ಮೇಲೇ ನಿಲ್ಲಿಸಿದ. ಹಿಂದಿನವರು ಬಯ್ದರು. ಅವನು ಕಿಟಕಿಗೆ ಬಂದು ಟೋಪಿ ತೆಗೆದ.

"ತಂಗಿ, ಗೋದಾಮಿನವರು ನನ್ನ ಕಳ್ಳ ಅಂತಾವ್ರೆ. ನಾನು ತಂದ ಜೋಳ ಒಳಗೆ ಹೋದ್ಮೇಲೆ ಕಮ್ಮಿ ಬರುತ್ತಂತೆ. ಒಂದ್ಸಲ ಅಲ್ಲ, ಎಂಟು ಸಲ."

"ಎಷ್ಟು ಕಮ್ಮಿ?"

"ಮುನ್ನೂರೆಂಬತ್ತು ಕೆಜಿ. ಪ್ರತಿ ಸಲಾನೂ ಅಷ್ಟೇ. ಇಷ್ಟು ಅಚ್ಚುಕಟ್ಟಾಗಿ ಕದಿಯೋ ಅಷ್ಟು ಬುದ್ಧಿ ನನಗಿದ್ದಿದ್ರೆ ಲಾರಿ ಯಾಕೆ ಓಡಿಸ್ತಿದ್ದೆ."

ಕೆಂಪು ಅಂಕಿ ನಿಂತಿತು. ಅವಳು ನೋಡಿದಳು, ರಿಜಿಸ್ಟರಿನಲ್ಲಿದ್ದದ್ದನ್ನು ನೆನಪು ಮಾಡಿಕೊಂಡಳು. "ಗಾಡಿಗೆ ಏನಾದ್ರೂ ಹೊಸದು ಹಾಕ್ಸಿದ್ಯಾ ಮಾಮ?"

"ತಳ ತೂತು ಬಿದ್ದಿತ್ತಲ್ಲ, ಎರಡು ತಿಂಗಳ ಹಿಂದೆ ಕಬ್ಬಿಣದ ಹೊಸ ತಳ ಹಾಕ್ಸ್ದೆ. ದಪ್ಪ ತಗಡು." ಹೇಳುತ್ತಾ ಹೇಳುತ್ತಾ ಅವನಿಗೂ ಹೊಳೆಯಿತು. "ನೀನು ಹಳೇ ಖಾಲಿ ತೂಕಾನೇ ಹಾಕ್ತಿದ್ಯಾ?"

"ಹೂಂ."

"ಹಾಗಾದ್ರೆ ನನ್ನ ಲಾರಿ ತಳಾನೇ ಎಂಟು ಸಲ ಜೋಳ ಅಂತ ಮಾರಿದೀವಿ ನಾವು" ಎಂದು ಅವನು ಹೊಟ್ಟೆ ಹಿಡಿದು ನಕ್ಕ. ಸಾಲಿನಲ್ಲಿದ್ದವರೂ ನಕ್ಕರು.

ಅವಳು ನಗಲಿಲ್ಲ. ಅಂಕಿ ತಿದ್ದುವುದಕ್ಕೆ ರಿಜಿಸ್ಟರ್ ತೆರೆದಳು. ಹಾರನ್ ಮಾಮನ ಲಾರಿಯ ಪುಟಕ್ಕೆ ಬರುವ ಮೊದಲೇ ಲಕೋಟೆ ಕಾಲ ಮೇಲೆ ಜಾರಿ ಬಿತ್ತು.

ಮರೆತೆ ಎಂದು ಹೇಳಿಕೊಳ್ಳಲು ದಾರಿಯಿತ್ತು. ಅವಳು ಮರೆತಿರಲಿಲ್ಲ. ಹದಿನೈದು ದಿನ ಆ ರಿಜಿಸ್ಟರಿನ ಮೇಲೆ ಮೊಣಕೈ ಊರಿಯೇ ಕೂತಿದ್ದಳು. ಚಹಾ ಲೋಟ ಇಟ್ಟದ್ದೂ ಅದರ ಮೇಲೇ. ಎರಡು ತಿಂಗಳ ಹಿಂದೆ ತಳ ಬದಲಾದ ಲಾರಿಗೆ ಹಳೇ ತೂಕ ಹಾಕಿದ್ದು ತಿಳಿಯದೆ. ಮಗಳಿಗೆ ಹಾಕಿದ್ದು ತಿಳಿದು.

ಧಣಿಯ ಬಳಿ ಹೋಗಿ ಎಂಟು ಚೀಟಿಗಳ ತಪ್ಪನ್ನು ಒಪ್ಪಿಕೊಂಡಳು. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. "ಇಪ್ಪತ್ತೊಂದು ವರ್ಷದಲ್ಲಿ ಇದೊಂದು ತಾನೇ ಅಮ್ಮ, ಬಿಡಿ" ಎಂದ ಧಣಿ. ಆ ಮಾತು ಅವಳ ಬೆನ್ನಿಗೆ ಏಟಿನಂತೆ ಬಿತ್ತು.

ಚಿಕ್ಕವಳಿಗೆ ಗುರುವಾರ ರಜೆ. ಅವತ್ತು ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಕಾಟಾಕ್ಕೆ ಬಂದಳು. ಅಮ್ಮ ಊಟಕ್ಕೆ ಕೂತರೆ ಅವಳು ಯಂತ್ರದ ಮುಂದೆ ಕೂರುವುದು ಹಳೆಯ ಅಭ್ಯಾಸ. ಕಾಟಮ್ಮ ಡಬ್ಬಿ ಬಿಚ್ಚಲಿಲ್ಲ. ಲಕೋಟೆಯನ್ನು ಮೇಜಿನ ಮೇಲಿಟ್ಟು, ಮಗಳ ಕಡೆ ತಳ್ಳಿದಳು.

ಹುಡುಗಿ ಓದಿದಳು. "ಇವತ್ತು ಬಂತಾ? ತಾರೀಕು ಮುಗಿದೋಗಿದೆಯಲ್ಲ."

"ಇವತ್ತಲ್ಲ. ಮೂರನೇ ತಾರೀಕು ಬಂತು."

ಹೊರಗೆ ಒಬ್ಬ ಡ್ರೈವರು ಗಾಜು ತಟ್ಟಿದ. ಚಿಕ್ಕವಳು ತೂಕ ನೋಡಿ ಚೀಟಿ ಮುದ್ರಿಸಿ ಕೊಟ್ಟಳು. ಚಿಲ್ಲರೆ ಎಣಿಸಿ ಕೊಟ್ಟಳು. ಆಮೇಲೆ ತಿರುಗಿದಳು. "ನೀನು ನನಗೆ ಲೆಕ್ಕ ಬರ್ಕೊಟ್ಟಿದ್ದು ನಾಲ್ಕನೇ ತಾರೀಕು."

"ಹೂಂ."

"ಆಗ ಇದು ನಿನ್ನ ಹತ್ರ ಇತ್ತು."

"ಇತ್ತು. ಬಡ್ಡೀನೂ ಹದಿನಾಲ್ಕಲ್ಲ. ಹತ್ತು. ಬ್ಯಾಂಕಿನ ಹುಡುಗಿ ಬಿಡಿಸಿ ಬಿಡಿಸಿ ಹೇಳಿದ್ಲು. ನಾನು ಅಣ್ಣನದ್ದು ಹಾಕ್ದೆ. ಸಂಬಳಾನೂ ಅಣ್ಣನ ಲೆಕ್ಕದಲ್ಲೇ ಇಳಿಸ್ದೆ." ಅವಳು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. "ಹೆದರಿಕೆ ಆಯ್ತು ಪುಟ್ಟಿ. ಅವನಿಗೆ ಆದ ಹಾಗೆ ನಿನಗೂ ಆದ್ರೆ ಅಂತ."

ಮತ್ತೊಂದು ಲಾರಿ ಹತ್ತಿತು. ಚಿಕ್ಕವಳು ಅಂಕಿ ನಿಲ್ಲುವವರೆಗೂ ಕಾದಳು, ಬರೆದುಕೊಂಡಳು. ಒಂದು ಅಂಕಿಯೂ ತಪ್ಪಲಿಲ್ಲ. ಕೂಗಾಡಿದ್ದರೆ ಕಾಟಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನೀನು ಬೇಡ ಅಂದಿದ್ರೆ ನಾನು ಜಗಳ ಆಡ್ತಿದ್ದೆ ಅಮ್ಮ" ಎಂದಳು ಕೊನೆಗೆ. "ಒಂದು ವಾರ ಮಾತು ಬಿಡ್ತಿದ್ದೆ. ಆಮೇಲೆ ಹೋಗ್ತಿದ್ನೋ ಇಲ್ವೋ, ಅದು ಬೇರೆ. ನೀನು ಬೇಡ ಅನ್ಲಿಲ್ಲ. ತೂಗಿ ತೋರಿಸ್ದೆ. ತೂಕಕ್ಕೆ ಎದುರು ಏನು ಮಾತಾಡ್ಲಿ ನಾನು?"

ಕಾಟಮ್ಮ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಾ ಕೂತಿದ್ದಳು.

ಹುಡುಗಿ ಲಕೋಟೆಯ ಮೇಲಿದ್ದ ನಂಬರಿಗೆ ಫೋನು ಮಾಡಿದಳು. ವಯಸ್ಸಾದ ಗಂಡಸಿನ ದನಿ. ಗಟ್ಟಿಯಾಗಿ ಮಾತಾಡುತ್ತಿದ್ದರಿಂದ ಕಾಟಮ್ಮನಿಗೂ ಕೇಳಿಸುತ್ತಿತ್ತು. "ಅಯ್ಯೋ ಮಗು, ಹದಿನಾರಕ್ಕೇ ಪಟ್ಟೀಲಿ ನಿನ್ನ ನಂತರದ ಹುಡುಗಿಗೆ ಕೊಟ್ಬಿಟ್ವಲ್ಲ. ಅವಳು ಒಪ್ಕೊಂಡೂ ಆಯ್ತು. ಯಾಕಮ್ಮ ತಡ ಮಾಡ್ದೆ?"

ಚಿಕ್ಕವಳು ಅಮ್ಮನ ಕಡೆ ನೋಡಿದಳು. "ಕಾಗದ ತಲುಪೋದು ತಡ ಆಯ್ತು ಸರ್. ಪರವಾಗಿಲ್ಲ. ಥ್ಯಾಂಕ್ಸ್ ಸರ್."

ಆ 'ಪರವಾಗಿಲ್ಲ' ಎನ್ನುವ ಮಾತು ಕಾಟಮ್ಮನಿಗೆ ಆಮೇಲೆ ಎಷ್ಟೋ ದಿನ ಪಾತ್ರೆ ತೊಳೆಯುವಾಗ ಕೇಳಿಸುತ್ತಿತ್ತು.

ಹುಡುಗಿ ರದ್ದಾದ ಚೀಟಿ ತಿರುಗಿಸಿ ಲೆಕ್ಕಕ್ಕೆ ಕೂತಳು. ಚಿಕ್ಕಂದಿನಲ್ಲಿ ಹೋಂವರ್ಕು ಮಾಡುತ್ತಿದ್ದ ಹಾಗೆಯೇ ನಾಲಿಗೆ ತುದಿ ಹೊರಗೆ ಬಂದಿತ್ತು. ಹತ್ತರ ಬಡ್ಡಿ. ಎರಡು ಲಕ್ಷ ಸಿಕ್ಕಿದ್ದರೆ ತಿಂಗಳಿಗೆ ಹದಿಮೂರು ಸಾವಿರದೊಳಗೆ ಕಂತು. ಸಿಗದಿದ್ದರಿಂದ ಹತ್ತತ್ತಿರ ಹದಿನೇಳು. ದುಡಿಮೆಗೆ ನಲವತ್ತೈದನ್ನು ಅವಳೂ ನಂಬಲಿಲ್ಲ. ಉತ್ತರ ಕೊಡದ ಮೂವತ್ತೇಳು ಜನರನ್ನು ನೆನೆದು ಮೂವತ್ತು ಎಂದು ಬರೆದಳು. "ಕೆಲಸ ಸಿಗೋಕೆ ಅರ್ಧ ವರ್ಷ ಹಿಡಿಯುತ್ತೆ ಅಂತ ಇಟ್ಕೊಳಣ. ಮೂವತ್ತರಲ್ಲಿ ಹದಿನೇಳು ಹೋದ್ರೆ ಹದಿಮೂರು ಉಳಿಯುತ್ತೆ. ಬಾಡಿಗೆ ರೂಮು, ಒಂದು ಹೊತ್ತು ಸರಿಯಾದ ಊಟ. ಬಿಗಿ ಆಗುತ್ತೆ. ಆದ್ರೆ ಆಗುತ್ತೆ."

"ನಾಲ್ಕು ಸಾವಿರ ಜಾಸ್ತಿ ಆಗಿದ್ದು ನನ್ನಿಂದ" ಎಂದಳು ಕಾಟಮ್ಮ.

"ಹೌದು. ಅದು ನಿಂದು."

"ನಂದೇ."

"ಏಳು ವರ್ಷ."

"ಏಳು ವರ್ಷ ಕಟ್ತೀನಿ."

ಚಿಕ್ಕವಳು ಚೀಟಿಯ ಕೆಳಗೆ ಗೆರೆ ಎಳೆದು, ಎರಡು ಮನೆ ಮಾಡಿ, ಕಂತಿನ ಹದಿನೇಳನ್ನು ಒಡೆದು ಒಂದರಲ್ಲಿ ತನ್ನ ಹದಿಮೂರು, ಇನ್ನೊಂದರಲ್ಲಿ ಅಮ್ಮನ ನಾಲ್ಕು ಬರೆದಳು. ಬೇಡಮ್ಮ ಬಿಡು ಎನ್ನಲಿಲ್ಲ. ಕಾಟಮ್ಮ ಒಳಗೊಳಗೆ ಅದನ್ನು ಕಾಯುತ್ತಿದ್ದಳೋ ಏನೋ, ಅನ್ನದೇ ಇದ್ದದ್ದೇ ಒಳ್ಳೆಯದಾಯಿತು ಎಂದು ಆಮೇಲೆ ಅನ್ನಿಸಿತು.

ಸಂಜೆ ಮನೆಯಲ್ಲಿ ದೊಡ್ಡವನಿಗೂ ಹೇಳಬೇಕಾಯಿತು. ಅವನು ಟೈರಿನ ಮಸಿ ಹೋಗಲೆಂದು ಬಕೆಟ್ಟಿನ ಮುಂದೆ ಕೂತು ಕೈ ಉಜ್ಜುತ್ತಿದ್ದ. ಅಮ್ಮ ಬರೆದ ಹಾಳೆಯನ್ನು ತಂಗಿ ಅವನ ಕಣ್ಣ ಮುಂದೆ ಹಿಡಿದು, ಅವನ ಹನ್ನೊಂದು ಸಾವಿರದ ಅಳತೆಯಲ್ಲೇ ಹದಿನೇಳು ಬಂದದ್ದನ್ನು ಹೇಳಿದಳು. ಅವನು ತೊಟ್ಟಿಕ್ಕುವ ಕೈಯನ್ನು ಎತ್ತಿಕೊಂಡೇ ಓದಿದ.

"ಹನ್ನೊಂದು ಸಾವಿರಾನಾ? ಯಾವ ಕಾಲದ್ದಮ್ಮ ಇದು?"

"ಈಗೆಷ್ಟೋ?" ಎಂದಳು ಕಾಟಮ್ಮ.

"ಇಪ್ಪತ್ನಾಲ್ಕು. ಅಂಗಡೀಲಿ ಈಗ ಅಲೈನ್‌ಮೆಂಟ್ ಮಿಷನ್ ಜವಾಬ್ದಾರಿ ಪೂರ್ತಿ ನಂದೇ. ಸಾಲ ಇನ್ನು ಎಂಟು ಕಂತು ಇದೆ. ಮಳೆಗಾಲದೊಳಗೆ ಮುಗಿಯುತ್ತೆ."

"ನನಗೆ ಹೇಳ್ಲೇ ಇಲ್ವಲ್ಲೋ."

"ನೀನು ಕೇಳ್ಲೇ ಇಲ್ವಲ್ಲ." ಅವನು ಮತ್ತೆ ಕೈ ಉಜ್ಜತೊಡಗಿದ. ತಲೆ ಎತ್ತದೆಯೇ, "ನನ್ನ ಸಂಬಳ ಕೇಳಿದ್ರೆ ನನಗೆ ನೋವಾಗುತ್ತೆ ಅಂತ ನೀನು ಕೇಳಲ್ಲ ಅಂದ್ಕೊಂಡಿದ್ದೆ. ಆ ಕಾಲಕ್ಕೇ ನನ್ನ ಬರೆದಿಟ್ಟು ಪುಸ್ತಕ ಮುಚ್ಚಿದೀಯ ಅಂತ ಗೊತ್ತಿರ್ಲಿಲ್ಲ" ಎಂದ.

ಕಾಟಮ್ಮ ಅಡಿಗೆಮನೆಗೆ ಹೋಗಿ ನಿಂತಳು. ಅಲ್ಲಿ ಮಾಡುವುದಕ್ಕೆ ಕೆಲಸವೇನೂ ಇರಲಿಲ್ಲ. ಒಂದು ಮನೆಯಲ್ಲಿ ಇಬ್ಬರು ಮಕ್ಕಳನ್ನೂ ಒಂದೇ ಹಾಳೆಯಲ್ಲಿ ತಪ್ಪು ತೂಗಿದ್ದಳು. ಹಜಾರದಲ್ಲಿ ಗಂಡ, "ಏನಂತೆ?" ಎಂದು ಕೇಳುತ್ತಿದ್ದ. ಚಿಕ್ಕವಳು ಅವನ ಕಿವಿಯ ಹತ್ತಿರ ಬಾಯಿಟ್ಟು, "ನಾನು ಓದೋಕೆ ಹೋಗ್ತೀನಿ, ನೀನು ಬ್ಯಾಂಕಲ್ಲಿ ಸಹಿ ಹಾಕ್ಬೇಕು" ಎಂದಳು. "ಹೂಂ, ಹಾಗೇ ಮಾಡಿ" ಎಂದ ಅವನು. ಈ ಸಲ ಯಾರೂ ನಗಲಿಲ್ಲ. ದೊಡ್ಡವನು ಮಾತ್ರ, "ಮೊದಲ ಕಂತಿನ ದುಡ್ಡು ಬ್ಯಾಂಕಿಂದ ಬರೋದು ತಡ ಆದ್ರೆ ನಾನು ಹೊಂದಿಸ್ತೀನಿ" ಎಂದ. ತಂಗಿಗೆ ಹೇಳಿದ್ದು. ಅಮ್ಮನಿಗೂ ಕೇಳಲಿ ಎಂದು ಜೋರಾಗಿ ಹೇಳಿದ.

ತಿಂಗಳ ಕೊನೆಗೆ ಎರಡು ದಿನ ಮುಂಚೆ ಶುಲ್ಕದ ಕಂತು ಕಟ್ಟಿದರು. ಹುಡುಗಿ ಹೋದಳು.

ಕಾಟಮ್ಮ ಹಸಿರು ರಿಜಿಸ್ಟರನ್ನು ಧಣಿಗೆ ಒಪ್ಪಿಸಿದಳು. ಅಂದಿನಿಂದ ಯಾವ ಲಾರಿಯೇ ಬರಲಿ, ನಿನ್ನೆ ಬಂದದ್ದೇ ಇರಲಿ, ಖಾಲಿಯಾದ ಮೇಲೆ ಮತ್ತೆ ಹತ್ತಿಸುವುದೇ. ಸುಗ್ಗಿಯಲ್ಲಿ ಸಾಲು ರಸ್ತೆ ತಿರುವು ದಾಟಿ ಪೆಟ್ರೋಲ್ ಬಂಕಿನವರೆಗೂ ಹೋಯಿತು. "ಅಮ್ಮ, ನನ್ನ ಲಾರಿ ನಿನ್ನೆಯಿಂದ ದಪ್ಪ ಆಗಿಲ್ಲ" ಎಂದು ಡ್ರೈವರುಗಳು ಗೊಣಗಿದರು. "ಹತ್ತಿಸು, ನೋಡೇ ಬಿಡೋಣ" ಎನ್ನುತ್ತಿದ್ದಳು. ಸಂಜೆ ಕಾಟಾ ಮುಚ್ಚಿದ ಮೇಲೆ ಪಕ್ಕದ ಗೋದಾಮಿನಲ್ಲಿ ಒಂದು ಗಂಟೆ ಚೀಲದ ಎಣಿಕೆ ಕೆಲಸ ಹಿಡಿದಳು. ಕಂತು ಶುರುವಾಗುವುದಕ್ಕೆ ಇನ್ನೂ ಮೂರು ವರ್ಷವಿತ್ತು. ಅವಳು ಆ ತಿಂಗಳಿಂದಲೇ ನಾಲ್ಕು ಸಾವಿರ ಕಟ್ಟಿದಳು. ಬ್ಯಾಂಕಿನ ಕನ್ನಡಕದ ಮೇಡಂ, "ಈಗಲೇ ಕಟ್ಟೋದು ಬೇಕಿಲ್ಲಮ್ಮ" ಎಂದರೆ, "ನನ್ನ ಭಾಗದ್ದು ಇದು, ಇದಕ್ಕೆ ಬೇರೆ ಲೆಕ್ಕ ಇದೆ" ಎಂದಳು. ಬಡ್ಡಿ ಹತ್ತು ಎಂದು ಬಿಡಿಸಿ ಹೇಳಿದ್ದ ಆ ಹುಡುಗಿಯ ಮುಖವನ್ನು ನೇರವಾಗಿ ನೋಡುವುದಕ್ಕೆ ಅವಳಿಗೆ ಅರ್ಧ ವರ್ಷ ಹಿಡಿಯಿತು.

ಚಿಕ್ಕವಳು ಓದು ಮುಗಿಸಿದಳು. ಏಳು ತಿಂಗಳು ಕೆಲಸ ಸಿಗಲಿಲ್ಲ. ಆ ಏಳು ತಿಂಗಳಲ್ಲಿ ಕಾಟಮ್ಮ ಐದು ಕೆಜಿ ಇಳಿದಳು ಎಂದು ಹಾರನ್ ಮಾಮ ಹಾಸ್ಯ ಮಾಡುತ್ತಿದ್ದ, ಕಾಟಾದ ಮೇಲೆ ನಿಲ್ಲಿಸಿ ತೋರಿಸುತ್ತೇನೆ ಎನ್ನುತ್ತಿದ್ದ. ಆಮೇಲೆ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಯಾವ ಗಡಿ ಮುಚ್ಚುವ ಹಾಗಿದೆ, ಯಾವ ಬಂದರಿನಲ್ಲಿ ಧಾನ್ಯ ಸಿಕ್ಕಿಹಾಕಿಕೊಳ್ಳಬಹುದು ಎಂದು ಮುಂಚೆಯೇ ಲೆಕ್ಕ ಹಾಕಿ ಬರೆದುಕೊಡುವ ಕೆಲಸ. ಸಂಬಳ ಮೂವತ್ತೊಂದು ಸಾವಿರ. ಹುಡುಗಿ ಮೊದಲು ತಂದ ಹಾಳೆ ಹೇಳಿದ್ದಕ್ಕಿಂತ ಕಮ್ಮಿ, ಕಾಟಮ್ಮನ ಹಾಳೆ ಹೇಳಿದ್ದಕ್ಕಿಂತ ಜಾಸ್ತಿ. ರದ್ದಾದ ಚೀಟಿಯ ಹಿಂದೆ ಹುಡುಗಿ ತಾನೇ ಬರೆದದ್ದಕ್ಕೆ ಒಂದು ಸಾವಿರ ಹೆಚ್ಚು.

ವಾರಕ್ಕೆ ಎರಡು ಸಲ ಅವಳ ಫೋನು ಬರುತ್ತಿತ್ತು. ರೂಮಿನ ನಲ್ಲಿ ಸೋರುವುದು, ಆಫೀಸಿನ ದೊಡ್ಡವರು ಮೀಟಿಂಗಿನಲ್ಲಿ ತೂಕಡಿಸುವುದು, ಎಲ್ಲವನ್ನೂ ಹೇಳುತ್ತಿದ್ದಳು. ಅಮ್ಮನ ಮೊಣಕಾಲಿನ ನೋವು ವಿಚಾರಿಸುತ್ತಿದ್ದಳು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ಕಾಟಮ್ಮನಂಥವಳ ಕಿವಿಗೆ ತಿಳಿಯದೆ ಹೋಗುತ್ತಿರಲಿಲ್ಲ.

ನಾಲ್ಕನೆಯ ವರ್ಷ ಒಂದು ಮಧ್ಯಾಹ್ನ ಫೋನು ಬಂತು. "ಅಮ್ಮ, ಕೆಲಸ ಬದಲಾಯಿಸ್ದೆ. ಎರಡು ಕಡೆ ಕರೆದಿದ್ರು. ಒಂದು ಕಡೆ ಸಂಬಳ ಜಾಸ್ತಿ, ದೂರ. ಇನ್ನೊಂದು ಕಡೆ ಕಮ್ಮಿ, ಆದ್ರೆ ನನಗೆ ಬೇಕಾದ ಕೆಲಸ. ಮೂರು ದಿನ ಕೂತು ತೂಗಿದೆ. ಎರಡನೇದಕ್ಕೇ ಹೂಂ ಅಂದೆ. ನಿನ್ನೆ ಸಹಿ ಹಾಕ್ದೆ."

ನಿನ್ನೆ. ಕಾಟಮ್ಮ ಆ ಮಾತನ್ನು ಒಂದು ಸಲ ಒಳಗೇ ಹೊರಳಿಸಿದಳು. ಮೂರು ದಿನ ತೂಗಿದ್ದಾಳೆ, ಅಮ್ಮ ತೂಗಿ ಹೇಳು ಎಂದು ಕೇಳಿಲ್ಲ. ಇನ್ನು ಕೇಳುವುದೂ ಇಲ್ಲ.

"ಒಳ್ಳೇದಾಯ್ತು ಪುಟ್ಟಿ" ಎಂದಳು. ಎಷ್ಟು ಕಮ್ಮಿ, ಕಂತಿಗೆ ಸಾಲುತ್ತಾ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದಳು.

"ಕಂತಿಗೆ ಸಾಲುತ್ತೆ" ಎಂದಳು ಮಗಳೇ. "ನನ್ನ ಭಾಗ ನಾನು ನೋಡ್ಕೊಂಡಿದೀನಿ. ನಿಂದು ನಿಂತಿಲ್ಲ ತಾನೇ?"

"ನಿಂತಿಲ್ಲ. ಇವತ್ತು ಬೆಳಗ್ಗೆ ಕಟ್ಟಿ ಬಂದೆ. ನಲವತ್ತೊಂದು ಆಯ್ತು."

"ಗೊತ್ತು. ಬ್ಯಾಂಕಿಂದ ಪ್ರತಿ ತಿಂಗಳು ನನಗೂ ಮೆಸೇಜು ಬರುತ್ತೆ. ನೋಡ್ತೀನಿ."

ಮಾತು ಮುಗಿದ ಮೇಲೂ ಕಾಟಮ್ಮ ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದಳು. ಹೊರಗೆ ಹಾರನ್ ಮೂರು ಸಲ ಆಯಿತು. ಮುದುಕ ಖಾಲಿ ಲಾರಿಯನ್ನು ಹಾಸಿನ ಮೇಲೆ ನಿಲ್ಲಿಸಿ, ಸ್ಟೀರಿಂಗ್ ಮೇಲೆ ಗಲ್ಲ ಊರಿ ಕೂತಿದ್ದ. ಕೆಂಪು ಅಂಕಿ ಓಡಿ ನಿಂತಿತು.

"ಇಳಿ ಮಾಮ" ಎಂದಳು ಕಿಟಕಿಯಿಂದ.

"ಬೆಳಗ್ಗೆ ತುಂಬಿದ ತೂಕಕ್ಕೂ ನನ್ನ ಇಳಿಸ್ದೆ, ಈಗಲೂ ಇಳೀಬೇಕಾ? ನಾನೆಷ್ಟು ತೂಗ್ತೀನಿ ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತಿಲ್ಲ" ಎಂದಳು ಕಾಟಮ್ಮ. ಮುದುಕ ಬಾಗಿಲು ತೆಗೆದು ಒಂದೊಂದೇ ಕಾಲು ಇಡುತ್ತಾ ನೆಲಕ್ಕೆ ಇಳಿಯುವವರೆಗೂ ಕಾದಳು. ಅಂಕಿ ಅರವತ್ತು ಕೆಜಿ ಇಳಿದು ನಿಂತಿತು. ಆಮೇಲೆ ಚೀಟಿ ಮುದ್ರಿಸಿದಳು.